ದೆವ್ವ ಹುಡುಕುವವರ ಕಾಟ

ನಾನು ಈವರೆಗೆ ಒಂದೇ ಒಂದು ದೆವ್ವವನ್ನೂ ಕಂಡವನಲ್ಲ. ಆದರೆ ದೆವ್ವ ಹುಡುಕುವ ಗೆಳೆಯನೊಬ್ಬನ ಜೊತೆ ನಾಲ್ಕು ಬೇಸಿಗೆ ಕಳೆದಿದ್ದೇನೆ. ಅದರ ಸುಸ್ತು ಇನ್ನೂ ಇಳಿದಿಲ್ಲ. ದೆವ್ವ ಮೆಟ್ಟಿಕೊಂಡವರನ್ನು ಬಿಡಿಸಲು ನಮ್ಮ ಕಡೆ ಹತ್ತಾರು ಜಾಗಗಳಿವೆ. ದೆವ್ವದ ಬೆನ್ನು ಹತ್ತಿದವರನ್ನು ಬಿಡಿಸುವ ಜಾಗ ನಿಮಗೆಲ್ಲಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಬಸ್ ಚಾರ್ಜು ನಾನೇ ಕೊಟ್ಟು ಕರೆದೊಯ್ಯುತ್ತೇನೆ.

ಗೆಳೆಯನ ಹೆಸರು ಪ್ರಹ್ಲಾದಾಚಾರಿ. ಗುಡಿಯ ಪೂಜೆಯ ಮನೆತನದವನು, ಮಾನವಿಯಲ್ಲಿ ವಿಜ್ಞಾನದ ಮಾಸ್ತರ. ನಾನು ರಾಯಚೂರಿನಲ್ಲಿ ಅಕ್ಕಿ ಗಿರಣಿಯೊಂದರ ಬೆನ್ನಿಗೆ ಮನೆ ಮಾಡಿಕೊಂಡಿದ್ದ ಕನ್ನಡ ಮಾಸ್ತರ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬೇಸಿಗೆ ರಜೆ ಬಿದ್ದ ಮರುದಿನವೇ ಆಚಾರಿ ಒಂದು ಕೈಚೀಲ ಹಿಡಿದು ನನ್ನ ಬಾಗಿಲಲ್ಲಿ ನಿಲ್ಲುತ್ತಿದ್ದ. ಚೀಲದಲ್ಲಿ ಶಾಲೆಯ ಥರ್ಮಾಮೀಟರು, ಒಂದು ಉಂಡೆ ದಾರ, ಮನೆಯ ಪೂಜೆಯ ಗಂಟೆ, ಭಾವಮೈದುನನಿಂದ ಎರವಲು ತಂದ ಟೇಪ್ ರೆಕಾರ್ಡರು. ಎಲ್ಲಕ್ಕಿಂತ ಕೆಳಗೆ, ಬಟ್ಟೆಯಲ್ಲಿ ಸುತ್ತಿದ ಒಂದು ರಬ್ಬರ್ ಸ್ಟಾಂಪು: ‘ಪ್ರೇತ ಪರಿಶೀಲನಾ ಮಂಡಳಿ, ಮಾನವಿ’. ಮಂಡಳಿಗೆ ಇದ್ದ ಸದಸ್ಯರು ಅವನೊಬ್ಬ, ಬೈದುಕೊಳ್ಳುತ್ತ ಹಿಂದೆ ಹೋಗುವ ನಾನೊಬ್ಬ.

ರಾತ್ರಿಯ ದೆವ್ವಗಳಾದರೂ ಆಗಿದ್ದರೆ ತಂಪಿನಲ್ಲಿ ಹೋಗಿ ಬರಬಹುದಿತ್ತು. ಆದರೆ ನಮ್ಮ ಸೀಮೆಯ ದೆವ್ವಗಳಿಗೆ ಮಟಮಟ ಮಧ್ಯಾಹ್ನವೇ ಪ್ರಶಸ್ತ. ಇದರಲ್ಲಿ ಆಶ್ಚರ್ಯವೇನಿಲ್ಲ. ಮೇ ತಿಂಗಳ ಹನ್ನೆರಡರಿಂದ ನಾಲ್ಕರವರೆಗೆ ಇಲ್ಲಿ ಬದುಕಿದವರು ಯಾರೂ ಬೀದಿಗೆ ಬರುವುದಿಲ್ಲ. ಅಂಥ ಹೊತ್ತಿನಲ್ಲಿ ನಡೆದಾಡುವ ಯಾರನ್ನಾದರೂ ದೆವ್ವ ಎಂದೇ ತಿಳಿಯಬೇಕು, ಮಂಡಳಿಯ ನಮ್ಮಿಬ್ಬರನ್ನೂ ಸೇರಿಸಿ.

ಹಳಗನ್ನಡ ಪಾಠ ಮಾಡುವಾಗ ನನಗೊಂದು ವಿಷಯ ಹೊಳೆಯುತ್ತಿತ್ತು. ಹಳೆಯ ಕಾವ್ಯಗಳ ರಣರಂಗದಲ್ಲಿ ಮರುಳುಗಳು, ಅಂದರೆ ದೆವ್ವಗಳು, ಪಂಕ್ತಿ ಹಾಕಿ ಊಟಕ್ಕೆ ಕೂಡುತ್ತವೆ. ಅವು ಇವೆಯೋ ಇಲ್ಲವೋ ಎಂದು ಕವಿಗಳು ತಲೆ ಕೆಡಿಸಿಕೊಳ್ಳಲಿಲ್ಲ, ಬಂದವರಿಗೆ ಬಡಿಸಿ ಕಳಿಸಿದರು. ಥರ್ಮಾಮೀಟರು ಹಿಡಿದು ಅವುಗಳ ಹಿಂದೆ ಓಡುವ ಬುದ್ಧಿ ನಮ್ಮ ಕಾಲದ್ದು. ಯಾಕೋ ಹೀಗೆ ಓಡುತ್ತೀ ಎಂದು ಆಚಾರಿಯನ್ನು ಗಬ್ಬೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿನ್ನುತ್ತ ಕೇಳಿದ್ದೆ. ಅವನು ಮಿರ್ಚಿಯ ತೊಟ್ಟು ಬದಿಗಿಟ್ಟು, “ಯಾರರ ಒಬ್ರು ಇದ್ದಾರ ಅಂತ ಗೊತ್ತಾದ್ರ ಸಾಕಪಾ,” ಎಂದ. ಈ ಉತ್ತರಕ್ಕೆ ಸಿಟ್ಟು ಮಾಡಿಕೊಳ್ಳಲೂ ಬರಲಿಲ್ಲ.

ನಾವು ಹೊರಟಿದ್ದು ದೇವದುರ್ಗದ ಯಂಕಮ್ಮನ ಮನೆಗೆ. ಯಂಕಮ್ಮ ಕುರಿ ಕಾಯುವ ಮನೆತನದ ಹೆಂಗಸು, ಅರವತ್ತರ ಆಸುಪಾಸು. ಗಂಡ ತೀರಿದ ಮೇಲೆ ಯಾರೋ ಒಬ್ಬರಿಗೆ ಅವಳ ಮನೆಯಲ್ಲಿ ಮಧ್ಯಾಹ್ನ ಏನೋ ಸಪ್ಪಳ ಕೇಳಿತಂತೆ. ಬಾಡಿಗೆಯವರು ಗಂಟುಮೂಟೆ ಕಟ್ಟಿದರು. ಗಬ್ಬೂರಿನಲ್ಲಿದ್ದ ಅಕ್ಕನ ಮಗ ಬಂದು, ಒಂಟಿ ಮುದುಕಿಯನ್ನು ದೆವ್ವದ ಮನೆಯಲ್ಲಿ ಬಿಟ್ಟರೆ ಜನ ಉಗುಳುತ್ತಾರೆಂದು ಕರೆದುಕೊಂಡು ಹೋದ. ಅಲ್ಲಿ ಅವಳಿಗೆ ಸಿಕ್ಕಿದ್ದು ಪಡಸಾಲೆಯ ಒಂದು ಮೂಲೆ. ಅವಳ ಮನೆಯ ಮುಂದಿನ ಎರಡು ಖೋಲಿಗೆ ಯಾರಾದರೂ ಸಂಸಾರಸ್ಥರು ಬಾಡಿಗೆಗೆ ಬಂದರೆ ಹಿಂದಿನ ಖೋಲಿಗೆ ವಾಪಸು ಕಳಿಸುತ್ತೇನೆಂದು ಅವನು ಮಾತು ಕೊಟ್ಟಿದ್ದ. ಅದಕ್ಕಾಗಿಯೇ ಅವಳು ನಮ್ಮನ್ನು ಕರೆಸಿದ್ದು. “ಗಂಡ ಬದುಕಿದ್ದಾಗ ಅಂಜಲಿಲ್ಲ, ಸತ್ತ ಮ್ಯಾಲ ಅಂಜತೀನೇನ್ರಿ? ದೆವ್ವ ಇಲ್ಲ ಅಂತ ಒಂದು ಕಾಗದ ಬರಕೊಡ್ರಿ,” ಎಂದಳು.

ಮೊದಲ ಬೇಸಿಗೆ ಆಚಾರಿ ಹೆಜ್ಜೆಗುರುತು ಮೂಡಲೆಂದು ನೆಲಕ್ಕೆಲ್ಲ ಜೋಳದ ಹಿಟ್ಟು ಉದುರಿಸಿದ. ಯಂಕಮ್ಮ ಆ ಹಿಟ್ಟನ್ನು ನೋಡಿದ ರೀತಿಗೆ ನನಗೆ ತಲೆ ಎತ್ತಲಾಗಲಿಲ್ಲ. ಮೂರು ಗಂಟೆಗೆ ಇರುವೆಯ ಸಾಲು ಬಿಟ್ಟರೆ ಏನೂ ಮೂಡಿರಲಿಲ್ಲ. ಆಚಾರಿ ‘ದೆವ್ವ ಕಂಡುಬಂದಿಲ್ಲ’ ಎಂದು ಬರೆದು, ಸ್ಟಾಂಪು ಒತ್ತಿ, ಬಾಗಿಲಿಗೆ ಅಂಟಿಸಿದ. ಎದುರಿನ ಚಾದಂಗಡಿಯವನು ಅದನ್ನು ಎರಡು ಸಲ ಓದಿದ. “ಕಂಡಿಲ್ಲ ಅಂದ್ರ, ದೆವ್ವ ಅದ, ಆದ್ರ ಕಂಡಿಲ್ಲ ಅಂತ. ಏನೂ ಇಲ್ದ ಇಬ್ರು ಮಾಸ್ತರು ಈ ಬಿಸಲಾಗ ಬಸ್ ಹತ್ತಿ ಬರ್ತಾರೇನು?” ಎಂದ. ಊರಿಗೆಲ್ಲ ಈ ತರ್ಕ ಒಪ್ಪಿಗೆಯಾಯಿತು. ಅಲ್ಲಿಯವರೆಗೆ ಅನುಮಾನವಾಗಿದ್ದ ದೆವ್ವ ನಮ್ಮ ದಯೆಯಿಂದ ಖಾಯಂ ಆಯಿತು.

ಎರಡನೆಯ ಬೇಸಿಗೆ ರೆಕಾರ್ಡರಿನಲ್ಲಿ ನಿಜವಾಗಿಯೂ ಸಪ್ಪಳ ಸಿಕ್ಕಿತು. ಕರಕರ, ಕರಕರ, ನಡುವೆ ಒಮ್ಮೆ ಟಕ್ಕೆಂಬ ಸದ್ದು. ಆಚಾರಿಯ ಕಣ್ಣಲ್ಲಿ ನೀರೇ ಬಂತು. ಚಾದಂಗಡಿಯಲ್ಲಿ ಎಲ್ಲರಿಗೂ ಕೇಳಿಸಿದ. ಯಂಕಮ್ಮ ದೂರದಿಂದಲೇ ಕೇಳಿ ಹೇಳಿದಳು: “ಅದು ಗೆದ್ಲ ರೀ. ಒಲಿ ಹೊಗಿ ಕುಡಿದ ತೊಲಿಗೆ ಗೆದ್ಲ ಹತ್ತಂಗಿಲ್ಲ. ನನ್ನ ಮನ್ಯಾಗ ಒಲಿ ಹಚ್ಚಿ ಎರಡು ವರ್ಷ ಆತು.”

ನಮ್ಮ ಕಡೆಯ ಮಣ್ಣಿನ ಮಾಳಿಗೆ ಕಂಡವರಿಗೆ ಇದು ಗೊತ್ತು. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಮಣ್ಣು. ಒಳಗೆ ದಿನಾ ಒಲೆ ಉರಿಯಬೇಕು, ಮಳೆಗಾಲದ ಮುಂಚೆ ಮೇಲೆ ಹೊಸ ಮಣ್ಣು ಬೀಳಬೇಕು. ಜನ ಬಿಟ್ಟ ಮನೆಯನ್ನು ಗೆದ್ದಲು ಮೇಲಿನಿಂದ ತಿನ್ನುತ್ತ ಬರುತ್ತದೆ. ದೆವ್ವದ ಮಾತಿಗೆ ಜನ ಬಿಟ್ಟರು, ಜನ ಬಿಟ್ಟದ್ದಕ್ಕೆ ಗೆದ್ದಲು ಬಂತು, ಗೆದ್ದಲಿನ ಸಪ್ಪಳವನ್ನು ನಾವು ಟೇಪಿಗೆ ಹಾಕಿಕೊಂಡು ಊರಿಗೆ ಕೇಳಿಸಿದೆವು. ಇಷ್ಟು ದೊಡ್ಡ ಮೂರ್ಖತನಕ್ಕೆ ಎರಡು ಡಿಗ್ರಿಗಳು ಬೇಕಾದವು. “ದೆವ್ವ ಇದ್ರ ಇರಲಿ ಬಿಡ್ರಿ,” ಎಂದಳು ಯಂಕಮ್ಮ, “ಒಲಿ ಹಚ್ಚುವಂಥ ದೆವ್ವರ ಇರಬೇಕಿತ್ತು.”

ಆ ಜೂನಿನಲ್ಲೇ ನನಗೆ ದೇವದುರ್ಗಕ್ಕೆ ವರ್ಗವಾಯಿತು. ಸುದ್ದಿ ಕೇಳಿ ಯಂಕಮ್ಮ ಗಬ್ಬೂರಿನಿಂದ ಬಸ್ಸು ಹತ್ತಿ ಬಂದಳು. “ದೆವ್ವ ಇಲ್ಲ ಅಂತ ನೀವೇ ಹೇಳ್ತೀರಲ್ಲ ಮಾಸ್ತರ, ನೀವೇ ಬಾಡಿಗಿಗೆ ಬರ್ರಿ,” ಎಂದಳು. ಈಗ ತಪ್ಪೊಪ್ಪಿಗೆಯ ಭಾಗ. ಎರಡು ವರ್ಷ ಆಚಾರಿಯನ್ನು ಹಂಗಿಸಿದ ನಾನು, “ನೀರು ದೂರ ಆಗತದ ಯವ್ವಾ,” ಎಂದುಬಿಟ್ಟೆ. ಅವಳ ಅಂಗಳದಲ್ಲೇ ಬಾವಿ ಇತ್ತು. ಅದು ನನಗೂ ಗೊತ್ತಿತ್ತು, ಅವಳಿಗಂತೂ ಗೊತ್ತೇ ಇತ್ತು. ಅವಳು ಸೆರಗು ತಲೆಗೆಳೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ನಾನು ಕಚೇರಿಯೊಂದರ ಹಿಂದೆ ಗಾಳಿಯಿಲ್ಲದ ಖೋಲಿ ಹಿಡಿದು ವರ್ಷವಿಡೀ ಬೆವೆತೆ.

ಮುಂದಿನ ಬೇಸಿಗೆಗೆ ಹೊಸ ಸುದ್ದಿ ಎದ್ದಿತು. ಬೀಗ ಹಾಕಿದ ಯಂಕಮ್ಮನ ಮನೆಯ ಬೆಳಕಿಂಡಿಯಿಂದ ಸಂತೆಯ ದಿನ ಮಧ್ಯಾಹ್ನ ಹೊಗೆ ಬರುತ್ತದಂತೆ. ಊರಲ್ಲೇ ಇದ್ದ ನನಗಿಂತ ಮೊದಲು ಮಾನವಿಯ ಆಚಾರಿಗೆ ಸುದ್ದಿ ಮುಟ್ಟಿ, ಅವನು ಓಡಿ ಬಂದ. “ದೆವ್ವ ಅಡಿಗಿ ಮಾಡ್ಲಿಕ್ಕತ್ತದ. ಇನ್ನೇನು ಬೇಕು ನಿನಗ?” ಎಂದ. ಇಬ್ಬರೂ ಹೋದೆವು. ಮುಂಬಾಗಿಲಿಗೆ ಬೀಗವಿತ್ತು, ಹಿಂಬಾಗಿಲು ತೆರೆದಿತ್ತು. ಒಳಗೆ ಯಂಕಮ್ಮ ಒಲೆಯ ಮುಂದೆ ಕೂತು, ಕೆಮ್ಮುತ್ತ, ಹಸಿ ಕಟ್ಟಿಗೆ ಊದುತ್ತಿದ್ದಳು. ಒಲೆಯ ಮೇಲೆ ಏನೂ ಇರಲಿಲ್ಲ. ಸಂತೆಗೆಂದು ಹೇಳಿ ಗಬ್ಬೂರಿನಿಂದ ಬಂದು, ತೊಲೆಗೆ ಹೊಗೆ ಕುಡಿಸಿ, ಸಂಜೆ ಬಸ್ಸಿಗೆ ಹೋಗುತ್ತಿದ್ದಳಂತೆ. “ಹಚ್ಚುವವರು ಯಾರೂ ಬರಲಿಲ್ಲರೀ,” ಎಂದಳು, ನನ್ನ ಕಡೆ ನೋಡದೆ.

ನನಗೆ ನಾಚಿಕೆಯಾಯಿತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಆ ಮನೆಗೇ ಹೋಗೋಣವೆಂದು ಅವತ್ತೇ ಹೆಂಡತಿಗೆ ಹೇಳಿದೆ. ಅವಳು, “ದೆವ್ವಕ್ಕ ನಾ ಅಂಜಂಗಿಲ್ಲ. ಆಚಾರಿ ಅಲ್ಲಿಗೂ ಬರ್ತಾರೇನು?” ಎಂದು ಮಾತ್ರ ಕೇಳಿದಳು. ಎರಡು ತೊಲೆ ಬದಲಿಸಿ, ಮಾಳಿಗೆಗೆ ಮಣ್ಣು ಹಾಕಿಸಿ, ಮಳೆಗಾಲದ ಮುಂಚೆ ಒಳಗೆ ಹೋದೆವು. ಮೂರನೆಯ ದಿನ ಯಂಕಮ್ಮ ಒಂದು ಗಂಟು, ಎರಡು ಕೋಳಿ ಸಮೇತ ಹಿಂದಿನ ಖೋಲಿಗೆ ಬಂದಳು.

ನಾಲ್ಕನೆಯ ಬೇಸಿಗೆ ಆಚಾರಿ ಬಂದೇ ಬಂದ. ಹನ್ನೆರಡರಿಂದ ಮೂರರವರೆಗೆ ರೆಕಾರ್ಡರು ಓಡಿಸಿದ. ಕೋಳಿ, ಬೀಸುಕಲ್ಲು, ನನ್ನ ಗೊರಕೆ, ಇಷ್ಟೇ ಸಿಕ್ಕಿದ್ದು. ಸಪ್ಪೆ ಮುಖ ಹಾಕಿಕೊಂಡು ಕಾಗದ ತೆಗೆದು ಬರೆದ: ‘ದೆವ್ವ ಮನೆ ಬಿಟ್ಟು ಹೋಗಿದೆ.’ ಸ್ಟಾಂಪು ಒತ್ತಿ ಬಾಗಿಲಿಗೆ ಅಂಟಿಸಿದ. ಇದ್ದರೆ ತಾನೆ ಹೋಗುವುದು ಎಂದು ನಾನು ಕೂಗಾಡಿದೆ. ಆದರೆ ಚಾದಂಗಡಿಯವನು ಬಂದು ಒಂದೇ ಸಲ ಓದಿ, ತಲೆಯಾಡಿಸಿ, ಅಂದೇ ಮೊದಲ ಬಾರಿಗೆ ನಮ್ಮ ಅಂಗಳದೊಳಗೆ ಕಾಲಿಟ್ಟು ಬಾವಿಯ ನೀರು ಕುಡಿದ. ನಾಲ್ಕು ವರ್ಷದಲ್ಲಿ ಊರು ನಂಬಿದ ಕಾಗದ ಅದೊಂದೇ. ನನ್ನ ತರ್ಕಗಳೆಲ್ಲ ಬಿಸಿಲಿಗೆ ಒಣಗಿದವು.

ಯಂಕಮ್ಮನಿಗೆ ಓದು ಬಾರದು. ಬಾಗಿಲಲ್ಲಿ ನಿಂತು, ಏನು ಬರೆದಾರ ಓದ್ರಿ ಎಂದಳು. ಹಲ್ಲು ಕಚ್ಚಿಕೊಂಡು ಓದಿದೆ.

“ಎಲ್ಲಿಗೆ ಹೋತಂತ್ರಿ?”

“ಅದು ಬರೆದಿಲ್ಲ ಯವ್ವಾ.”

“ಪಾಪ,” ಎಂದಳು, “ಒಲಿ ಹಚ್ಚಿದ ಮನಿ ಸಿಗಲಿ ಅದಕ್ಕ.”