ನಂಜಣ್ಣನ ಎಂಟು ಕಾಲು

ಟರ್‌ರ್‌ರ್‌ರ್! ಗದ್ದೆ ಬಯಲಿನಲ್ಲಿ ಆ ಸದ್ದು ಎದ್ದರೆ ಎತ್ತಿನಗಾಡಿ ಓಟ ನೋಡಲು ಬಂದ ಜನ ಎತ್ತುಗಳನ್ನು ಬಿಟ್ಟು ಒಂದು ಗಳಿಗೆ ನಂಜಣ್ಣನ ಕಡೆ ತಿರುಗುತ್ತಿದ್ದರು. ತಲೆಗೆ ಸುತ್ತಿದ ಕೆಂಪು ಟವೆಲ್ಲು, ಮೊಣಕಾಲ ಮೇಲೆ ಎತ್ತಿ ಕಟ್ಟಿದ ಪಂಚೆ, ಕಣ್ಣಿಗೆ ಒತ್ತಿ ಹಿಡಿದ ಹಳೇ ರೀಲಿನ ಕ್ಯಾಮೆರಾ, ಅದರ ತಳಕ್ಕೆ ಬಿಗಿದ ಒಂದು ಮೋಟಾರು. ಗುಂಡಿ ಒತ್ತಿ ಹಿಡಿದರೆ ಸಾಕು, ಆ ಮೋಟಾರು ತಾನೇ ರೀಲು ಎಳೆದುಕೊಳ್ಳುತ್ತ ಸೆಕೆಂಡಿಗೆ ಐದು ಫೋಟೊ ಹೊಡೆಯುತ್ತಿತ್ತು. ಮೂವತ್ತಾರು ಫೋಟೊದ ರೀಲು ಏಳು ಸೆಕೆಂಡಿಗೆ ಖಾಲಿ. ಊಟಕ್ಕೆ ಕೂತು ಎಲೆ ಹಾಕುವಷ್ಟರಲ್ಲಿ ಎದ್ದೇಳು ಅಂದ ಹಾಗೆ!

ನಂಜಣ್ಣನಿಗೆ ಪಾಂಡವಪುರದಲ್ಲಿ ಪಂಪ್‌ಸೆಟ್ ಮೋಟಾರು ಕಟ್ಟುವ ಅಂಗಡಿ. ಸುಟ್ಟುಹೋದ ಮೋಟಾರು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು ಕಸುಬು. ಮೈಸೂರಿನಲ್ಲಿ ಯಾರೋ ಸ್ಟುಡಿಯೋ ಮುಚ್ಚುವಾಗ ಈ ಕ್ಯಾಮೆರಾವನ್ನು, ಕೆಟ್ಟು ನಿಂತಿದ್ದ ಅದರ ಮೋಟಾರಿನ ಸಮೇತ, ಇವನ ಕೈಗೆ ಹಾಕಿದ್ದರು. ನಂಜಣ್ಣ ಅದನ್ನು ಬಿಚ್ಚಿ, ಕೂದಲೆಳೆಯಂಥ ತಂತಿಯನ್ನು ಭೂತಗನ್ನಡಿ ಹಿಡಿದು ಸುತ್ತಿ ಮತ್ತೆ ಓಡಿಸಿದ. "ಐದತ್ತು ಎಚ್ಪಿ ಮೋಟ್ರುಗಳ್ನೇ ಕಟ್ಟಿವ್ನಿ ಮೇಷ್ಟ್ರೆ, ಇದ್ಯಾವ ಇಲಿಮರಿ" ಎಂದು ನನ್ನ ಹತ್ತಿರ ಅನ್ನುತ್ತಿದ್ದ. ಓಡಿದ ಮೇಲೆ ಸುಮ್ಮನಿರಲು ಆಗುತ್ತದೆಯೇ? ಓಡುವುದನ್ನು ಹಿಡಿಯಬೇಕು ಎಂಬ ಹುಚ್ಚು ಹತ್ತಿತು.

ನಾನು ಕೆ.ಆರ್.ಪೇಟೆಯ ಕಾಲೇಜಿನಲ್ಲಿ ಪಾಠ ಹೇಳುವವನು, ರಜೆಯಲ್ಲಿ ಫೋಟೊ ಹುಚ್ಚಿನವನು. ಅರಕೆರೆಯ ಬಳಿ ಕೊಯ್ಲಾದ ಗದ್ದೆಯಲ್ಲಿ ನಡೆದ ಓಟಕ್ಕೆ ನನ್ನ ಹೊಸ ಡಿಜಿಟಲ್ ಕ್ಯಾಮೆರಾ ನೇತುಹಾಕಿಕೊಂಡು ಹೋಗಿದ್ದೆ. ಪಕ್ಕದಲ್ಲಿ ನಿಂತಿದ್ದ ನಂಜಣ್ಣ ಅದನ್ನು ಮೇಲೆ ಕೆಳಗೆ ನೋಡಿದ.

"ಇದು ಏಟು ಫೋಟೊ ಇಡೀತದೆ?"

"ಎರಡು ಸಾವಿರ."

"ಅಂಗಾರೆ ನೀವು ನೋಡೋದೇ ಬ್ಯಾಡ ಬುಡಿ. ಮನೇಲಿ ಕುಂತು ಉಡುಕ್ಕಬೌದು."

ಮೈಯೆಲ್ಲ ಉರಿಯಿತು. ಆದರೆ ಅವನು ಕೆಲಸ ಮಾಡುವುದನ್ನು ನೋಡಿದ ಮೇಲೆ ಸಿಟ್ಟು ನಿಲ್ಲಲಿಲ್ಲ. ದಿನಕ್ಕೆ ಒಂದೇ ರೀಲು. ಹತ್ತು ಜೋಡಿ ಓಡಿದರೂ ಕೈ ಎತ್ತುತ್ತಿರಲಿಲ್ಲ, ಎತ್ತುಗಳ ಕಾಲನ್ನೇ ನೋಡುತ್ತ ಕೂತಿರುತ್ತಿದ್ದ. ಅವನಿಗೆ ಬೇಕಾಗಿದ್ದುದು ಒಂದೇ ಫೋಟೊ. ಗಾಡಿಗೆ ಕಟ್ಟಿದ ಎರಡು ಎತ್ತುಗಳ ಎಂಟು ಕಾಲೂ ಒಟ್ಟಿಗೆ ನೆಲ ಬಿಟ್ಟಿರಬೇಕು. ಹದಿನೈದು ವರ್ಷದಿಂದ ಶ್ರೀರಂಗಪಟ್ಟಣ, ನಾಗಮಂಗಲ ಅಂತ ಎಲ್ಲಿ ಓಟವಿದ್ದರೂ ಹೋಗಿದ್ದ. ಆರು ಕಾಲು ಸಿಕ್ಕಿತ್ತು, ಏಳೂ ಸಿಕ್ಕಿತ್ತು. ಎಂಟು ಮಾತ್ರ ಇಲ್ಲ.

"ಕಣ್ಣಿಗೆ ಕಾಣಲ್ವಾ ನಂಜಣ್ಣ, ಕಂಡಾಗ ಒತ್ತಿದರಾಯಿತಲ್ಲ" ಎಂದೆ ಒಮ್ಮೆ.

ಅವನು ನಕ್ಕ. ಈ ಕ್ಯಾಮೆರಾದಲ್ಲಿ ಒಳಗೊಂದು ಕನ್ನಡಿ ಇರುತ್ತದೆ. ಪ್ರತಿ ಸಲ ಫೋಟೊ ಬೀಳುವಾಗ ಅದು ಮೇಲೆದ್ದು, ನೋಡುವ ಕಣ್ಣಿಗೆ ರೆಪ್ಪೆ ಬಡಿದಷ್ಟು ಹೊತ್ತು ಕತ್ತಲಾಗುತ್ತದೆ. "ಕಂಡಿದ್ದು ರೀಲಲ್ಲಿ ಇರಾಕಿಲ್ಲ ಮೇಷ್ಟ್ರೆ. ಕತ್ಲಾಯ್ತದಲ್ಲ, ಆಗ ಆದದ್ದೇ ರೀಲಲ್ಲಿರೋದು." ಅಂದಿನಿಂದ ನಾನು ಅವನ ಬೆನ್ನು ಬಿಡಲಿಲ್ಲ.

ಅವನ ಬಾಯಲ್ಲಿ ಇನ್ನೊಂದು ಮಾತು ಸದಾ ಇರುತ್ತಿತ್ತು: "ನೀರು ಬಂತಾ?" ರೈತರು ಬಂದು ಮೋಟಾರು ಚೆನ್ನಾಗಿ ಓಡುತ್ತಿದೆ ಎಂದರೆ ಅವನ ಮೊದಲ ಪ್ರಶ್ನೆ ಅದೇ. ಕೊಳವೆಯಲ್ಲಿ ಗಾಳಿ ಸೇರಿದ್ದರೆ ಮೋಟಾರು ಗುಂಯ್ ಅನ್ನುತ್ತದೆ, ನೀರು ಮಾತ್ರ ಬರುವುದಿಲ್ಲ. ಅದನ್ನೇ ಅವನು ಎಲ್ಲದಕ್ಕೂ ಅನ್ವಯಿಸುತ್ತಿದ್ದ. ನಮ್ಮ ಕಾಲೇಜಿನ ಸಮಾರಂಭಕ್ಕೆ ಬಂದು ನನ್ನ ಮುಕ್ಕಾಲು ಗಂಟೆ ಭಾಷಣ ಕೇಳಿ, ಹೊರಗೆ ಬಂದು ಅಂದ: "ಮೋಟ್ರೇನೋ ಚೆನ್ನಾಗೋಡ್ತು ಮೇಷ್ಟ್ರೆ. ನೀರು ಬಂತಾ?"

ಇಂಥ ನಂಜಣ್ಣನೇ ಬೇಸ್ತು ಬಿದ್ದ ಕಥೆ ಕೇಳಿ. ಕೆ.ಆರ್.ಪೇಟೆಯ ಹೊರಗಿನ ಬಯಲಿನಲ್ಲಿ ಓಟ. ಬೂದು ಬಣ್ಣದ ಒಂದು ಹಳ್ಳಿಕಾರ್ ಜೋಡಿ ಎಂಥದ್ದೆಂದರೆ, ನಾಲ್ಕು ಕಾಲಿನ ಒಂದೇ ಪ್ರಾಣಿ ಓಡಿದಂತೆ ಎರಡೂ ಒಟ್ಟಿಗೆ ನೆಗೆಯುತ್ತಿದ್ದವು. ನಂಜಣ್ಣನ ಮೋಟಾರು ಶುರುವಾಯಿತು. ಜೋಡಿ ಗೆರೆ ದಾಟಿತು, ಶಿಳ್ಳೆಗಳು ಬಿದ್ದವು. ಮೋಟಾರು ಮಾತ್ರ ಇನ್ನೂ ಓಡುತ್ತಲೇ ಇತ್ತು. ಮೂವತ್ತಾರಕ್ಕೆ ರೀಲು ಬಿಗಿಯಾಗಿ ತಾನೇ ನಿಲ್ಲಬೇಕಾಗಿದ್ದುದು ನಿಲ್ಲಲೇ ಇಲ್ಲ. ನಂಜಣ್ಣನ ಮುಖ ಬಿಳುಪೇರಿತು. ರೀಲಿನ ತುದಿ ಒಳಗೆ ಸಿಕ್ಕಿಕೊಂಡೇ ಇರಲಿಲ್ಲ, ಒಂದು ಫೋಟೊವೂ ಬಿದ್ದಿರಲಿಲ್ಲ! ರೀಲು ಸರಿದರೆ ಕ್ಯಾಮೆರಾದ ಎಡಗಡೆಯ ತಿರುಪು ತಿರುಗಬೇಕು. ಎಲ್ಲರೂ ಅದನ್ನು ನೋಡಿಕೊಳ್ಳುತ್ತಾರೆ. ಇವನು ಮೋಟಾರು ಕಟ್ಟುವವನಲ್ಲವೇ, ಸದ್ದು ಕೇಳಿ ನಂಬಿಬಿಟ್ಟಿದ್ದ.

ಅವನು ಬದುವಿನ ಮೇಲೆ ಕುಕ್ಕರಿಸಿ, ಟವೆಲ್ಲಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ನೋಡಿದ.

"ಕೇಳ್ಬುಡಿ ಮೇಷ್ಟ್ರೆ, ಕೇಳ್ಬುಡಿ ಒಂದ್ಸಲ."

"ನೀರು ಬಂತಾ ನಂಜಣ್ಣ?" ಎಂದೆ ಮೆಲ್ಲಗೆ.

"ತೊಟ್ಟೂ ಇಲ್ಲ ಕಣ್ರೀ!" ಎಂದು ಬಯಲೆಲ್ಲ ಕೇಳುವಂತೆ ನಕ್ಕುಬಿಟ್ಟ. ಆ ವಾರವಿಡೀ ಅಂಗಡಿಗೆ ಬಂದವರಿಗೆಲ್ಲ ತಾನೇ ಈ ಕಥೆ ಹೇಳಿದ. ಹೆಂಡತಿ ಜಯಮ್ಮನಿಂದ ಉಗುರುಬಣ್ಣ ಇಸಿದುಕೊಂಡು ಆ ತಿರುಪಿನ ಮೇಲೆ ಒಂದು ಕೆಂಪು ಬೊಟ್ಟಿಟ್ಟ. ಮುಂದೆ ಓಟಕ್ಕೆ ಹೋದಾಗಲೆಲ್ಲ ಆ ಬೊಟ್ಟು ತಿರುಗುತ್ತಿದೆಯೇ ಎಂದು ನೋಡಿ ಕೂಗುವುದು ನನ್ನ ಕೆಲಸವಾಯಿತು. ನನ್ನ ಎರಡು ಸಾವಿರದ ಕ್ಯಾಮೆರಾ ಚೀಲದಲ್ಲೇ ಉಳಿಯುತ್ತಿತ್ತು, ಅದರ ಬಗ್ಗೆ ನನಗೆ ಬೇಸರವೂ ಇರಲಿಲ್ಲ.

ಹೋದ ವರ್ಷ ನಾಗಮಂಗಲದ ಕಡೆಯ ಓಟ ನಮ್ಮ ಕೊನೆಯದು. ನಂಜಣ್ಣ ಓಟದ ದಾರಿಯ ಪಕ್ಕದ ಒಂದು ಗುಂಡಿಯಲ್ಲಿ ಇಳಿದು ಕೂತ. ಕಾಲುಗಳು ಆಕಾಶಕ್ಕೆ ಎದುರಾಗಿ ಕಾಣಬೇಕೆಂಬ ಲೆಕ್ಕ. ನಾನು ಅವನ ಹಿಂದೆ. ಕೊನೆಯ ಜೋಡಿ ಬಂತು ನೋಡಿ! ಅರ್ಧ ದಾರಿಯಲ್ಲಿ ಪಕ್ಕದ ಗಾಡಿಗೆ ಬೆದರಿ ಎತ್ತುಗಳು ಗೆರೆ ಬಿಟ್ಟು ನೇರ ನಮ್ಮ ಕಡೆಗೇ ತಿರುಗಿದವು. "ಎದ್ದೇಳ್ಲಾ! ಗುಂಡೀಲಿರೋನೇ, ಎದ್ದೇಳ್ಲಾ!" ಎಂದು ಜನ ಕಿರುಚಿದರು. ಟರ್‌ರ್‌ರ್‌ರ್! ನಂಜಣ್ಣ ಕ್ಯಾಮೆರಾದ ಗುಂಡಿ ಒತ್ತಿ ಹಿಡಿದಿದ್ದ.

"ನಂಜಣ್ಣ, ಏಳಿ!"

"ಬೊಟ್ಟು ತಿರುಗ್ತದಾ?"

"ತಿರುಗ್ತಿದೆ ಮಾರಾಯರೇ, ಏಳಿ!"

ಏಳಲಿಲ್ಲ. ಮುಂದಿದ್ದ ಮೊಣಕಾಲೆತ್ತರದ ಬದುವನ್ನು ಎತ್ತುಗಳು ಗಾಡಿ ಸಮೇತ ಹಾರಿದವು. ಗಾಡಿಯವನು ಹಗ್ಗ ಜಗ್ಗಿದ. ಜೋಡಿ ಒಂದು ಮಾರು ಅಂತರದಲ್ಲಿ ನಮ್ಮನ್ನು ದಾಟಿ, ಮಣ್ಣನ್ನೆಲ್ಲ ನಮ್ಮ ಮೇಲೆ ಎರಚಿ ಹೋಯಿತು. ಅಷ್ಟರಲ್ಲಿ ಮೋಟಾರು ಗಕ್ಕನೆ ನಿಂತಿತು.

"ನಿಂತ್ಕತು! ತಾನೇ ನಿಂತ್ಕತು ಮೇಷ್ಟ್ರೆ!" ನಂಜಣ್ಣ ಗುಂಡಿಯಿಂದ ಎದ್ದು ನನ್ನನ್ನು ತಬ್ಬಿಕೊಂಡು ಕುಣಿದ. ಅರವತ್ತು ದಾಟಿದವನು, ಮೈಯೆಲ್ಲ ಮಣ್ಣು.

ಆದರೆ ಆ ರೀಲನ್ನು ತೊಳೆಯಲೇ ಇಲ್ಲ. ಕಪ್ಪುಬಿಳುಪು ರೀಲುಗಳನ್ನು ಮನೆಯ ಬಚ್ಚಲಿನಲ್ಲಿ ತಾನೇ ಕೆಮಿಕಲ್ ಹಾಕಿ ತೊಳೆದು ಫೋಟೊ ಮೂಡಿಸುವವನು. ನಾನು ವಾರ ವಾರ ಫೋನು ಮಾಡಿದೆ. ಕೆಮಿಕಲ್ ಬಂದಿಲ್ಲ ಮೇಷ್ಟ್ರೆ, ಬರಲಿ ಬುಡಿ ಅನ್ನುತ್ತಿದ್ದ. ಹೀಗೇ ಎರಡು ತಿಂಗಳಾಯಿತು. ಒಂದು ದಿನ ತೊಣ್ಣೂರಿನ ತೋಟವೊಂದರಲ್ಲಿ ಪಂಪು ಕೂರಿಸಿ, ನೀರು ಬಂದದ್ದು ನೋಡಿ, ಕೈ ತೊಳೆದುಕೊಂಡು ನೆರಳಿಗೆ ಕೂತವನು ಹಾಗೇ ಒರಗಿಕೊಂಡನಂತೆ. ಎದೆ ನಿಂತುಹೋಗಿತ್ತು. ಸುದ್ದಿ ಕೇಳಿ ನಾನು ತರಗತಿಯಲ್ಲೇ ಅತ್ತೆ, ಹುಡುಗರ ಮುಂದೆಯೇ.

ತಿಥಿ ಕಳೆದ ಮೇಲೆ ಜಯಮ್ಮ ದೇವರ ಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕ ಇದ್ದ ಆ ರೀಲನ್ನು ತಂದು ನನ್ನ ಕೈಗಿಟ್ಟರು. ಮೈಸೂರಿನಲ್ಲಿ ಇನ್ನೂ ರೀಲು ತೊಳೆಯುವ ಒಬ್ಬರ ಹತ್ತಿರ ಕೊಟ್ಟು, ಹೊರಗೆ ಬೆಂಚಿನ ಮೇಲೆ ಕೂತು ಉಗುರು ಕಚ್ಚಿದೆ. ಒದ್ದೆ ರೀಲನ್ನು ಬೆಳಕಿಗೆ ಹಿಡಿದು ಒಂದೊಂದು ಫೋಟೊದಲ್ಲೂ ನೆಲ ಬಿಟ್ಟ ಕಾಲುಗಳನ್ನು ಎಣಿಸಿದೆ. ಐದು. ಆರು. ಏಳು. ಮತ್ತೆ ಆರು. ಇಪ್ಪತ್ತೊಂಬತ್ತನೆಯದರಲ್ಲಿ ಬದು ಕೆಳಗಿದೆ, ಎತ್ತುಗಳು ಮೇಲಿವೆ, ಗೊರಸುಗಳ ಕೆಳಗೆ ಬರೀ ಗಾಳಿ. ಮೂರು ಸಲ ಎಣಿಸಿ ಅಲ್ಲೇ ಕೂಗಿಬಿಟ್ಟೆ.

ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅಂದೇ ಪಾಂಡವಪುರಕ್ಕೆ ಓಡಿದೆ. ಲಕೋಟೆ ತೆಗೆಯುವ ಮೊದಲೇ ಜಯಮ್ಮ ಕೇಳಿದರು, "ನೀರು ಬಂತಾ ಮೇಷ್ಟ್ರೆ?"

"ಬಂತು ಕಣಮ್ಮ."

ಅವರು ಒಂದೊಂದೇ ಕಾಲಿನ ಮೇಲೆ ಬೆರಳಿಟ್ಟು ಎಂಟರವರೆಗೆ ಎಣಿಸಿದರು.

"ಪಾಪ, ನಂಜಣ್ಣ ನೋಡಬೇಕಾಗಿತ್ತು" ಎಂದೆ.

"ಗೊತ್ತಿತ್ತು ಬುಡಿ ಅವ್ರಿಗೆ. ಅವತ್ತು ಮನೆಗೆ ಬಂದೋರೇ ಅಂದ್ರು, ಏಳರಗಂಟ ಕಂಡೆ ಕಣಮ್ಮಿ, ಆಮೇಕೆ ಕತ್ಲಾಯ್ತು, ಆ ಕತ್ಲಲ್ಲೇ ಐತೆ ಎಂಟೂ, ಅಂತ. ಕೆಮಿಕಲ್ ಬಾಟ್ಲಿ ಬಚ್ಚಲಲ್ಲೇ ಇತ್ತು."

"ಮತ್ತೆ ಯಾಕೆ ತೊಳೆಯಲಿಲ್ಲ?"

ಜಯಮ್ಮ ಫೋಟೊವನ್ನು ಸೆರಗಿನಿಂದ ಒರೆಸಿದರು. "ನಾನೂ ಕೇಳ್ದೆ. ತೊಳುದ್ಬುಟ್ರೆ ಮುಂದಿನ್ ವರ್ಸ ಓಟುಕ್ಕೆ ಮೇಷ್ಟ್ರುನ್ನ ಏನಂತ ಕರೀಲಿ ಅಂದ್ರು."