ಮುಚ್ಚಳ ಎತ್ತೋ ಚಾಳಿ

ಬರ್ಕೊಂಡ್ಯಾ ಕಂದಾ? ಹೂಂ, ಮುಂದಕ್ಕೆ ಬರ್ಕೋ. ನನ್ನ ತಂಗಿ ಮಗಳ ವಿಷಯ ಹೇಳ್ತಿದ್ದೆ ಅಲ್ವಾ, ಆಸ್ಪತ್ರೆ ಬಟ್ಟೆ ಒಗೆಯೋ ಲಾಂಡ್ರಿಗೆ ಹೋಗ್ತಾಳಲ್ಲ, ಅವಳು. ಈ ಚಳೀಲಿ ದಿನವಿಡೀ ಒದ್ದೆ ಹೊದಿಕೆ ಎತ್ತಿ ಎತ್ತಿ ಬೆರಳೆಲ್ಲ ಸೆಟೆದುಕೊಂಡು ಬರ್ತಾಳೆ. ಬಂದ್ಮೇಲೆ ಮತ್ತೆ ಒಲೆ ಮುಂದೆ ನಿಲ್ಲಬಾರದು, ಬಟ್ಟಲಿಗೆ ಬಡಿಸ್ಕೊಂಡು ಬಿಸಿಬಿಸಿ ತಿನ್ನಬೇಕು, ಅಷ್ಟೇ ಅವಳಾಸೆ. ಅದಕ್ಕೇ ಆ ಸ್ಲೋ ಕುಕ್ಕರ್ ತಂದಿದ್ದು.

ಬೆಳಗ್ಗೆ ಎದ್ದು ಆಲೂಗಡ್ಡೆ, ಕ್ಯಾರೆಟ್ಟು, ನವಿಲುಕೋಸು ದಪ್ಪದಪ್ಪ ಹೆಚ್ಚಿ ತಳಕ್ಕೆ ಹಾಕೋಳು. ಮೇಲೆ ನೆನೆಸಿದ ಬಟಾಣಿ, ಬೆಳ್ಳುಳ್ಳಿ, ಮೆಣಸು, ನೀರು. ಮುಚ್ಚಳ ಹಾಕಿ ಹೊರಟುಬಿಡೋಳು. ಅದು ಸೀಟಿ ಹೊಡೆಯೋ ಕುಕ್ಕರ್ ಅಲ್ಲ ಮಗಾ. ಮುಟ್ಟದೆ ಬಿಟ್ರೆ ಕರೆಂಟಿನ ಸಣ್ಣ ಶಾಖದಲ್ಲಿ ಸಂಜೆವರೆಗೆ ತಾನೇ ಬೇಯುತ್ತೆ. ನಿಮ್ಮಜ್ಜನೂ ಹಾಗೇ ಇದ್ರು... ಬಿಡು, ಆ ಕತೆ ತೆಗೆದ್ರೆ ಸಂಜೆಯಾಗುತ್ತೆ.

ಇವಳು ಸಂಜೆ ಬಂದು ಸೌಟು ಹಾಕಿದ್ರೆ ನವಿಲುಕೋಸು ಕಲ್ಲು! ವಾರವಿಡೀ ಇದೇ ಗೋಳು. ಮತ್ತೆ ಒಲೆ ಹಚ್ಚಿ, ನಿಂತುಕೊಂಡು ಬೇಯಿಸೋಳು. ರಿಪೇರಿಯವನು ನೋಡಿ, "ಕುಕ್ಕರ್ ಚೆನ್ನಾಗೇ ಇದೆಯಲ್ಲಕ್ಕಾ" ಅಂದ.

ಒಂದಿನ ಲಾಂಡ್ರಿ ಮಷೀನು ಕೆಟ್ಟು ಮಧ್ಯಾಹ್ನವೇ ಮನೆಗೆ ಬಂದ್ಲು. ನೋಡ್ತಾಳೆ, ಗಂಡ ಮುಚ್ಚಳ ಎತ್ತಿ ಮೂಗು ತೂರಿಸಿದ್ದಾನೆ. ಪಕ್ಕದಲ್ಲಿ ಅತ್ತೆ ಸೌಟು ಹಿಡ್ಕೊಂಡು ಸರದಿಗೆ ನಿಂತಿದ್ದಾರೆ.

"ಏನ್ರೀ ಇದು?"

"ಬೆಂತಾ ಅಂತ ನೋಡ್ತಿದ್ದೆ ಕಣೇ."

"ದಿನಾ ನೋಡ್ತೀರಾ?"

"ಈ ಕಡೆ ಬಂದಾಗೆಲ್ಲ ನೋಡ್ತೀವಪ್ಪ," ಅಂದ್ರು ಅತ್ತೆ. "ಕದ್ದು ತಿಂದ್ವಾ? ಕಾಳಜಿ ಮಾಡಿದ್ರೂ ತಪ್ಪಾ?"

"ಎತ್ತಿದಾಗೆಲ್ಲ ಶಾಖ ಹೋಗುತ್ತೆ ಅತ್ತೆ! ಅಷ್ಟು ಕಾಳಜಿ ಇದ್ರೆ ಅಗೋ, ಮುಸುರೆ ಪಾತ್ರೆ ಗುಡ್ಡೆ ಬಿದ್ದಿದೆ. ಅದನ್ನ ನೋಡಿ!"

ಗಂಡ ಹಲ್ಲು ಕಿರಿದ. "ಒಂದು ಮುಚ್ಚಳಕ್ಕೆ ಇಷ್ಟು ರಂಪಾನಾ?"

ಮುಚ್ಚಳಕ್ಕಂತೆ! ಹೇಳ್ತಾ ಹೇಳ್ತಾ ನನಗೇ ಮೈ ಉರಿಯುತ್ತೆ. ಅವಳು ವೈರು ಕಿತ್ತು, ಕುಕ್ಕರನ್ನ ಟವಲಲ್ಲಿ ಸುತ್ತಿ, ಎದೆಗವಚಿಕೊಂಡು ವಾಪಸ್ ಲಾಂಡ್ರಿಗೆ ಹೋದ್ಲು. ಇಸ್ತ್ರಿ ಕೋಣೇಲಿ ಬೇಯಿಸಿ, ಸಂಜೆ ಅಲ್ಲಿ ಕೆಲಸ ಮಾಡೋ ಹೆಂಗಸರ ಜೊತೆ ಹೊಟ್ಟೆ ತುಂಬ ತಿಂದು ಬಂದ್ಲು. ತಾಯಿ ಮಗ ಒಣ ಬ್ರೆಡ್ಡು ಕಡಿದ್ರು. ಅವತ್ತಿಂದ ಅವಳ ಅಡುಗೆ ಅಲ್ಲೇ.

ಈಗ ಆ ಪುಣ್ಯಾತ್ಮ ನನ್ನ ಹತ್ರ ಬಂದು, "ದೊಡ್ಡಮ್ಮಾ, ನೀವೊಂದು ಮಾತು ಹೇಳಿ, ಇನ್ನು ಮುಟ್ಟಲ್ಲ" ಅಂತ ಗೋಗರೀತಾನೆ. ಅಟ್ಟ ಮೇಲೆ ಒಲೆ ಉರೀತು, ಕೆಟ್ಟ ಮೇಲೆ ಬುದ್ಧಿ ಬಂತು! "ಹೇಳಲ್ಲ, ಮೊದಲು ಹೋಗಿ ಪಾತ್ರೆ ತಿಕ್ಕು" ಅಂದೆ.

ಸಾಕು, ಪೆನ್ನಿಡು. ಆ ಇಸ್ತ್ರಿ ಕೋಣೇಲಿ ಪ್ಲಗ್ಗು ಎತ್ತರದಲ್ಲಿದೆಯಂತೆ, ಪಾಪ, ಮೇಜಿನ ಮೇಲೆ ಸ್ಟೂಲಿಟ್ಟು ಅದರ ಮೇಲೆ ಕುಕ್ಕರ್ ಇಡ್ತಾಳಂತೆ. ಉದ್ದ ವೈರಿಂದು ಒಂದು ಎಕ್ಸ್‌ಟೆನ್ಷನ್ ಬೋರ್ಡ್ ತಗೊಂಡು ಅವಳ ಕೈಗೇ ಕೊಟ್ಟು ಬಾ. ಮನೇಲಿ ಕೊಟ್ಟೀಯ ಮತ್ತೆ, ಲಾಂಡ್ರಿಗೇ ಹೋಗು.