ಏಪ್ರಿಲ್ ತಿಂಗಳ ಸ್ವೆಟರ್

ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೋಗುತ್ತದೆಂಬ ಮಾತನ್ನು ನಾನು ಪಂಚಾಂಗದಷ್ಟೇ ಕಟ್ಟುನಿಟ್ಟಾಗಿ ಪಾಲಿಸಿದವಳು. ಹಬ್ಬದ ಮರುದಿನ ನಮ್ಮ ಮನೆಯ ಸ್ವೆಟರುಗಳೆಲ್ಲ ಡಾಂಬರ ಗುಳಿಗೆಯೊಡನೆ ಟ್ರಂಕಿನಲ್ಲಿ ಅಂತರ್ಧಾನವಾಗಬೇಕು. ಆಮೇಲೂ ಯಾರಾದರೂ ನಡುಗಿದರೆ ಅದು ಅವರ ಅಶಿಸ್ತು.

ಹೀಗಿರುವಾಗ, ಎಪ್ಪತ್ತರ ದಶಕದ ಒಂದು ಏಪ್ರಿಲ್‌ನಲ್ಲಿ, ಖಾನಾಪುರದಿಂದ ಬೆಳಗಾವಿಗೆ ಹೋಗುವ ಪ್ಯಾಸೆಂಜರ್ ಗಾಡಿಯಲ್ಲಿ ನಮ್ಮ ಓಣಿಯ ವಿಮಲಾ ಗಂಡನ ತುಂಬುತೋಳಿನ ಸ್ವೆಟರ್ ತೊಟ್ಟು ನನ್ನೆದುರು ಕುಳಿತದ್ದು ಋತುಧರ್ಮಕ್ಕೇ ಅಪಚಾರವೆನಿಸಿತು. ಪಕ್ಕದಲ್ಲಿದ್ದ ಮಜ್ಜಿಗೆ ಮಾರುವ ಮುದುಕಿಯೂ ಬಿಡಲಿಲ್ಲ.

"ಯಾಕ ಪೋರಿ, ಕಾಶ್ಮೀರಕ್ಕ ಹೊಂಟಿಯೇನ?"

"ಜ್ವರಾ ಬಂದಾವ್ರೀ ಆಯಿ," ಎಂದಳು ವಿಮಲಾ, ಬೆವರು ಒರೆಸಿಕೊಳ್ಳುತ್ತ.

ಮುದುಕಿ ಇಳಿದ ಮೇಲೆ ತೋಳು ಸರಿಸಿ ತೋರಿಸಿದಳು. ಬಸುರಿಗೆ ಐದನೆಯ ತಿಂಗಳಲ್ಲಿ ಮಾಡುವ ಕುಬಸದ ಶಾಸ್ತ್ರದಲ್ಲಿ ತೊಡಿಸಿದ ಹಸಿರು ಗಾಜಿನ ಬಳೆಗಳು. ಸದ್ದಾಗದಂತೆ ದಾರ ಸುತ್ತಿದ್ದಳು. ಗಂಡನ ಸಡಿಲ ಸ್ವೆಟರ್ ಹೊಟ್ಟೆಯನ್ನೂ ಮುಚ್ಚಿತ್ತು.

"ಹಡಿಯೂತನಕ ತೆಗೀಬಾರದು ಅಂತಾರ ಅತ್ತಿ. ಸಾವಕಾರ್ರು ಕಂಡ್ರ ನೌಕ್ರಿ ಹೋತ್ರಿ, ಅಕ್ಕಾರ."

ಶಾಲೆಯ ಮಾಸ್ತರಿಣಿಯನ್ನು ನಮ್ಮ ಕಡೆ ಅಕ್ಕಾರು ಎನ್ನುತ್ತಾರೆ. ವಿಮಲಾ ಬೆಳಗಾವಿಯ ಖಡೇಬಜಾರದ ಸೀರೆ ಅಂಗಡಿಯೊಂದರಲ್ಲಿ ದಿನವಿಡೀ ನಿಂತು ಸೀರೆ ಬಿಚ್ಚಿ ತೋರಿಸುವವಳು. ಗಂಡನ ಹಂಚಿನ ಕಾರ್ಖಾನೆ ಮುಚ್ಚಿತ್ತು. ಲಗ್ನದ ಸೀಸನ್ ಮುಗಿದರೆ ಅವಳನ್ನು ಕಾಯಂ ಮಾಡುವುದಾಗಿ ಅಂಗಡಿಯ ಸಾವಕಾರರು ಮಾತು ಕೊಟ್ಟಿದ್ದರು. ಹಿಂದಿನ ವರ್ಷ ಅವಳ ಜೊತೆಗಾತಿಯ ಹೊಟ್ಟೆ ಕಂಡೊಡನೆ, "ಆರಾಮ ಮನ್ಯಾಗ ಇರವಾ" ಎಂದು ಅರಿಶಿನ ಕುಂಕುಮ, ಖಣ ಕೊಟ್ಟು ಶಾಸ್ತ್ರೋಕ್ತವಾಗಿ ಕೆಲಸದಿಂದ ತೆಗೆದವರೂ ಅವರೇ.

ನಾನೋ ಬೆಳಗಾವಿಯ ಸರಕಾರಿ ಶಾಲೆಯವಳು. ಹೆರಿಗೆಗೆ ಅರ್ಜಿ ಕೊಟ್ಟೆ, ಪಗಾರಸಹಿತ ರಜೆ ಬಂತು. ಗಡಿಯಾರ ನೋಡಿ ಕಷಾಯ ಕುಡಿದೆ. ಮಕ್ಕಳು ನೆಟ್ಟಗೆ ಹುಟ್ಟಿದ್ದು ನನ್ನ ಶಿಸ್ತಿನ ಫಲವೆಂದು ಊರೆಲ್ಲ ಉಪದೇಶ ಮಾಡಿದೆ. ಅದೇ ಧಾಟಿಯಲ್ಲಿ ಅವಳಿಗೂ ಹೇಳಿದೆ: "ನಡುನಡುವ ಕುಂದರಬಾರದೇನ?"

"ಕುಂತ್ರ ಯಾಕ ಅಂತ ಕೇಳ್ತಾರ್ರಿ."

ನನ್ನ ಶಿಸ್ತಿನ ಬೆನ್ನಿಗೆ ಸರಕಾರದ ನಿಯಮವೊಂದು ನಿಂತಿತ್ತು. ಅವಳ ಬೆನ್ನಿಗೆ ಸೀರೆಯ ಕಪಾಟು ಮಾತ್ರ.

ಏಳು ತಿಂಗಳು ತುಂಬುವ ಹೊತ್ತಿಗೆ, ಆ ಕಪಾಟಿನಿಂದ ಸೀರೆಯ ಗಂಟು ಇಳಿಸುವಾಗ ನೋವು ಕಾಣಿಸಿಕೊಂಡಿತು. ಅಂಗಡಿ ಮುಚ್ಚುವವರೆಗೂ ಹಲ್ಲು ಕಚ್ಚಿ ನಿಂತಳು. ಮರುದಿನ ಮನೆಯಲ್ಲಿ ಹುಟ್ಟಿದ ಗಂಡುಕೂಸು ಅಳಲೇ ಇಲ್ಲ. ಬಳೆ ಮುಚ್ಚಿಟ್ಟ ದೋಷವೆಂದಳು ಅತ್ತೆ. ದೇವರ ಇಚ್ಛೆಯೆಂದರು ಓಣಿಯವರು. ಅಂಗಡಿಗೆ ಮಾತ್ರ ಜ್ವರವೆಂದೇ ಹೇಳಿಕಳಿಸಿದರು.

ವಾರ ತುಂಬುವ ಮೊದಲೇ ಅವಳು ಕೆಲಸಕ್ಕೆ ಹೊರಟಳು. ಅಂದು ಸಂಜೆ ಬೆಳಗಾವಿ ಸ್ಟೇಶನ್ನಿನಲ್ಲಿ ನನ್ನನ್ನು ಕಂಡು ಹತ್ತಿರ ಬಂದಳು.

"ಕಾಯಂ ಆತ್ರಿ, ಅಕ್ಕಾರ. ಸಾವಕಾರ್ರು ಎಲ್ಲಾರ ಮುಂದ ಅಂದ್ರು, 'ಹೆಣ್ಮಕ್ಕಳಂದ್ರ ವಿಮಲಾನಂಗ ಇರಬೇಕು, ಜ್ವರಾ ಬಂದ್ರೂ ವಾರದೊಳಗ ಹಾಜರ್' ಅಂತ."

ಸಾವಕಾರರು ಹಂಚಿದ ಸಿಹಿ ಕುಂದಾದ ಪೊಟ್ಟಣವನ್ನು ನನ್ನ ಕೈಗಿಟ್ಟು, ಇನ್ನೊಂದು ಕೈಯಿಂದ ಸೆರಗನ್ನು ಎದೆಯ ಮೇಲೆ ಎಳೆದುಕೊಂಡಳು. ಹಾಲು ಇನ್ನೂ ನಿಂತಿರಲಿಲ್ಲ, ಕುಪ್ಪಸ ತೋಯ್ದಿತ್ತು.